ಧ್ವನಿಪೆಟ್ಟಿಗೆಗೆ ಬೊಟಾಕ್ಸ್ ಇಂಜೆಕ್ಷನ್ ಆದ ಮೇಲೆ ದನಿ ಪೂರ್ತಿ ಬಿದ್ದಿದೆ, ನೀರು ನೆತ್ತಿಗೇರುತ್ತಿದೆ: ಇದು ಎಷ್ಟು ದಿನ ಇರುತ್ತದೆ?

ಗುಮ್ಮಟದೂರು, ವಿಜಯಪುರ. ಜುಲೈ 16

ಎಲ್ಲರಿಗೂ ನಮಸ್ಕಾರ. ನಾನು ವಿಜಯಪುರದ ಹತ್ತಿರದ ಒಂದು ಸರಕಾರಿ ಪ್ರೌಢಶಾಲೆಯಲ್ಲಿ ಹದಿನೆಂಟು ವರ್ಷಗಳಿಂದ ಕನ್ನಡ ಕಲಿಸುತ್ತಿದ್ದೇನೆ. ನಾಲ್ಕು ವರ್ಷಗಳ ಹಿಂದೆ, ಮಾತನಾಡುವಾಗ ಯಾರೋ ಒಳಗಿನಿಂದ ಕುತ್ತಿಗೆ ಹಿಸುಕಿದಂತೆ ದನಿ ಕಟ್ಟಿ, ನಡುವೆಯೇ ತುಂಡಾಗಿ, ಮತ್ತೆ ಎಳೆದುಕೊಂಡು ಬರಲು ಆರಂಭವಾಯಿತು. ಬೆಳಗಿನ ಪ್ರಾರ್ಥನೆಯಲ್ಲಿ ನಾಡಗೀತೆ ಹಾಡುವಾಗ ಈ ತೊಂದರೆ ಅಷ್ಟಾಗಿ ಇರುತ್ತಿರಲಿಲ್ಲ, ನಗುವಾಗಲಂತೂ ಇರುತ್ತಲೇ ಇರಲಿಲ್ಲ. ಆದರೆ ಹಾಜರಿ ಪುಸ್ತಕ ತೆರೆದು ಹೆಸರು ಕರೆಯಲು ತೊಡಗಿದರೆ ನಾಲ್ಕನೆಯ ಹೆಸರಿಗೆಲ್ಲ ಗಂಟಲು ಮುಚ್ಚಿಕೊಳ್ಳುತ್ತಿತ್ತು. ಹಾಡಲು ಬರುತ್ತದೆ, ಮಾತನಾಡಲು ಬರುವುದಿಲ್ಲ ಎಂದರೆ ಮನೆಯವರಾಗಲಿ ಸಹೋದ್ಯೋಗಿಗಳಾಗಲಿ ನಂಬುವುದು ಹೇಗೆ? ಆಮ್ಲಪಿತ್ತದ ಗುಳಿಗೆ, ಜೇಷ್ಠಮಧು, ಉಪ್ಪುನೀರಿನ ಮುಕ್ಕಳಿಕೆ, ಕೊನೆಗೆ ‘ಮನಸ್ಸಿಗೆ ಬಹಳ ಹಚ್ಚಿಕೊಳ್ಳುತ್ತೀರಿ’ ಎಂಬ ಉಪದೇಶ, ಎಲ್ಲವೂ ಮುಗಿದ ಮೇಲೆ, ಕಳೆದ ಮಾರ್ಚ್‌ನಲ್ಲಿ ಬೇರೆ ಊರಿನ ಕಿವಿ-ಮೂಗು-ಗಂಟಲು ತಜ್ಞರೊಬ್ಬರು ಮೂಗಿನ ಮೂಲಕ ಸಣ್ಣ ಕ್ಯಾಮೆರಾ ಇಳಿಸಿ, ಮಾತನಾಡಿಸಿ, ಹಾಡಿಸಿ ನೋಡಿ, ಇದು ಅಡಕ್ಟರ್ ಬಗೆಯ ಸ್ಪಾಸ್ಮೋಡಿಕ್ ಡಿಸ್ಫೋನಿಯಾ, ಅಂದರೆ ಮಾತನಾಡುವಾಗ ಧ್ವನಿತಂತುಗಳು ಬೇಡದಷ್ಟು ಬಿಗಿಯಾಗಿ ಮುಚ್ಚಿಕೊಳ್ಳುವ ಕಾಯಿಲೆ ಎಂದು ಹೇಳಿದರು.

ಕಳೆದ ಶನಿವಾರ, ಅಂದರೆ 12ರಂದು, ಎರಡೂ ಬದಿಯ ಧ್ವನಿತಂತುಗಳಿಗೆ ತಲಾ 2 ಯೂನಿಟ್ ಬೊಟಾಕ್ಸ್ ಕೊಟ್ಟರು. ಭಾನುವಾರ ಏನೂ ಅನ್ನಿಸಲಿಲ್ಲ. ಸೋಮವಾರ ಮಧ್ಯಾಹ್ನದ ಹೊತ್ತಿಗೆ ದನಿಯಲ್ಲಿ ಗಾಳಿ ಬೆರೆಯಿತು. ಇವತ್ತು ಬರೀ ಉಸಿರು ಬರುತ್ತಿದೆ, ಪಕ್ಕದ ಕೋಣೆಯಲ್ಲಿರುವ ಮಗನನ್ನು ಕರೆಯಲೂ ಆಗುತ್ತಿಲ್ಲ. ಇದಕ್ಕಿಂತ ಹೆದರಿಕೆಯ ವಿಷಯವೆಂದರೆ, ನಿನ್ನೆಯಿಂದ ನೀರು ಕುಡಿದಾಗಲೆಲ್ಲ ನೆತ್ತಿಗೇರಿ ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮು ಬರುತ್ತಿದೆ. ರೊಟ್ಟಿ, ಪಲ್ಯ ನುಂಗಲು ತೊಂದರೆಯಿಲ್ಲ. ನಮ್ಮ ಅತ್ತೆಯವರು ‘ದುಡ್ಡು ಕೊಟ್ಟು ವಿಷಾ ಚುಚ್ಚಿಸಿಕೊಂಡು ಬಂದೀಯಲ್ಲವಾ’ ಎಂದು ಕಣ್ಣೀರು ಹಾಕುತ್ತಿದ್ದಾರೆ. ಆಸ್ಪತ್ರೆಯಲ್ಲಿ ಅಂದು ವಿಪರೀತ ಜನರಿದ್ದುದರಿಂದ ‘ಸ್ವಲ್ಪ ದಿನ ದನಿ ಸಣ್ಣದಾಗಬಹುದು’ ಎಂಬುದಕ್ಕಿಂತ ಹೆಚ್ಚೇನನ್ನೂ ಯಾರೂ ಹೇಳಲಿಲ್ಲ.

ಇದು ಎಲ್ಲರಿಗೂ ಆಗುವುದೇ, ಅಥವಾ ನನಗೆ ಔಷಧ ಹೆಚ್ಚಾಯಿತೇ? ಈ ವಿಷ ಮೈಯಲ್ಲೆಲ್ಲ ಹರಡಬಹುದೇ? ಸೋಮವಾರದಿಂದ ಪಾಠ ಮಾಡಬೇಕಾಗಿದೆ. ಅನುಭವವಿದ್ದವರು ದಯವಿಟ್ಟು ತಿಳಿಸಬೇಕಾಗಿ ವಿನಂತಿ.

ಕರಿಕೋಟು, ಬೆಳಗಾವಿ. ಜುಲೈ 16, ರಾತ್ರಿ

ಅಕ್ಕನವರೇ, ಮೊದಲು ಧೈರ್ಯ ತಂದುಕೊಳ್ಳಿ. ನೀವು ಬರೆದಿರುವ ಎರಡೂ ತೊಂದರೆಗಳು, ಅಂದರೆ ಗಾಳಿದನಿ ಮತ್ತು ನೀರು ನೆತ್ತಿಗೇರುವುದು, ಈ ಇಂಜೆಕ್ಷನ್ನಿನ ಅತ್ಯಂತ ಸಾಮಾನ್ಯವಾದ ಅಡ್ಡಪರಿಣಾಮಗಳು. ನಾನು ಬೆಳಗಾವಿಯಲ್ಲಿ ವಕೀಲಿ ಮಾಡುವವನು. ಒಂಬತ್ತು ವರ್ಷಗಳಿಂದ ಇದೇ ಕಾಯಿಲೆಗೆ ಇದೇ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದೇನೆ, ಮತ್ತು ಪ್ರತಿ ಸಲವೂ, ಹೆಚ್ಚೋ ಕಡಿಮೆಯೋ, ಇವೆರಡನ್ನೂ ದಾಟಿಯೇ ಬಂದಿದ್ದೇನೆ.

ಮೊದಲ ಸಲ ನನಗೂ ನಿಮ್ಮಷ್ಟೇ ಗಾಬರಿಯಾಗಿತ್ತು. ಕುತ್ತಿಗೆಯ ಮುಂಭಾಗಕ್ಕೆ ಸೂಜಿ ಇಳಿಸಿ ‘ಈ ಎನ್ನಿ’ ಎಂದಾಗ, ಸೂಜಿಗೆ ಜೋಡಿಸಿದ, ಸ್ನಾಯುವಿನ ವಿದ್ಯುತ್ ಚಟುವಟಿಕೆಯನ್ನು ಸದ್ದಾಗಿ ಕೇಳಿಸುವ ಇಎಂಜಿ ಯಂತ್ರದಿಂದ ಪಂಚಮಿಗೆ ಜೋಳದ ಅರಳು ಹುರಿಯುವಾಗಿನಂತಹ ಚಟಪಟ ಸದ್ದು ಬಂದಿತ್ತು. ಆ ಸದ್ದು ಬಂದರೆ ಸೂಜಿಯ ಮೊನೆ ಸರಿಯಾದ ಸ್ನಾಯುವಿನಲ್ಲೇ ಇದೆ ಎಂದು ವೈದ್ಯರು ತಿಳಿಯುತ್ತಾರಂತೆ. ಮೂರನೆಯ ದಿನ ದನಿ ಹೋಯಿತು. ನನಗೆ ಆಗ ತಲಾ 2.5 ಯೂನಿಟ್ ಕೊಟ್ಟಿದ್ದರು, ಮತ್ತು ಅದು ನನ್ನ ಮೈಗೆ ಹೆಚ್ಚಾಗಿತ್ತು ಎಂದು ಈಗ ಹೇಳಬಲ್ಲೆ: ಐದು ವಾರ ಪಿಸುಮಾತಿನಲ್ಲೇ ಕಳೆದೆ, ಪ್ರಕರಣಗಳನ್ನೆಲ್ಲ ನನ್ನ ಕಿರಿಯ ವಕೀಲರ ಕೈಗೆ ಕೊಟ್ಟು ಪಕ್ಕದಲ್ಲಿ ಕುಳಿತು ಚೀಟಿ ಬರೆದುಕೊಡುತ್ತಿದ್ದೆ. ಮುಂದಿನ ಸಲ ತಲಾ 1.25ಕ್ಕೆ ಇಳಿಸಿದರು, ಗಾಳಿದನಿ ಹನ್ನೆರಡು ದಿನದಲ್ಲಿ ತೀರಿತು, ಒಳ್ಳೆಯ ದನಿ ಮೂರು ತಿಂಗಳು ಉಳಿಯಿತು. ಒಮ್ಮೆ ಒಂದೇ ಬದಿಗೆ ಕೊಟ್ಟು ನೋಡಿದರು. ಆಗ ನೀರಿನ ತೊಂದರೆ ಬರಲೇ ಇಲ್ಲ, ಆದರೆ ಗಂಟಲಿನ ಬಿಗಿತ ಎಂಟನೆಯ ವಾರಕ್ಕೇ ಮರಳಿತು. ಹೀಗೆ ಮೂರು-ನಾಲ್ಕು ಸಲ ಹೆಚ್ಚು ಕಡಿಮೆ ಮಾಡಿದ ಮೇಲೆಯೇ ಪ್ರತಿಯೊಬ್ಬರಿಗೂ ಅವರವರ ಅಳತೆ ಸಿಗುವುದು. ಆದ್ದರಿಂದ ಮೊದಲ ಇಂಜೆಕ್ಷನ್ನನ್ನು ನೋಡಿ ಈ ಚಿಕಿತ್ಸೆಯ ಬಗ್ಗೆ ತೀರ್ಪು ಕೊಡಬೇಡಿ ಎಂಬುದು ನನ್ನ ಕಳಕಳಿಯ ಮಾತು. ನನ್ನ ಪರಿಚಯದ ಇಬ್ಬರು ಮೊದಲ ಸಲದ ಪಿಸುಮಾತಿಗೆ ಹೆದರಿ ಬಿಟ್ಟೇಬಿಟ್ಟರು. ಅವರ ದನಿ ಇವತ್ತಿಗೂ ಹಿಸುಕಿದಂತೆಯೇ ಇದೆ, ನೆನೆದಾಗಲೆಲ್ಲ ಸಂಕಟವಾಗುತ್ತದೆ.

ಇವತ್ತಿನಿಂದಲೇ ಒಂದು ಕೆಲಸ ಮಾಡಿ. ಗೋಡೆಯ ಕ್ಯಾಲೆಂಡರಿನಲ್ಲಿ ಆಯಾ ದಿನದ ಚೌಕದೊಳಗೆ ಎರಡೇ ಅಂಕಿ ಬರೆಯಿರಿ: ದನಿಗೆ ಹತ್ತಕ್ಕೆ ಎಷ್ಟು, ನೀರು ಕುಡಿಯುವುದಕ್ಕೆ ಹತ್ತಕ್ಕೆ ಎಷ್ಟು. ಪಿಸುಮಾತು ಎಂದು ಮುಗಿಯಿತು, ಒಳ್ಳೆಯ ದನಿ ಎಂದು ಬಂತು, ಬಿಗಿತ ಎಂದು ಮರಳಿತು ಎಂಬ ಮೂರು ದಿನಾಂಕಗಳು ಮುಂದಿನ ಭೇಟಿಯಲ್ಲಿ ವೈದ್ಯರ ಮುಂದೆ ಇದ್ದರೆ ಅವರು ಪ್ರಮಾಣವನ್ನು ಊಹೆಯ ಮೇಲೆ ಬದಲಿಸಬೇಕಾಗುವುದಿಲ್ಲ. ಯಾವ ಕಂಪನಿಯ ಔಷಧ, ಎಷ್ಟು ಯೂನಿಟ್, ಯಾವ ಬದಿಗೆ ಎಂಬುದನ್ನೂ ಚೀಟಿಯಲ್ಲಿ ಬರೆಸಿಕೊಳ್ಳಿ. ಬೊಟಾಕ್ಸಿನ ಯೂನಿಟ್ಟೇ ಬೇರೆ, ಅದೇ ಬಗೆಯ ಇನ್ನೊಂದು ಔಷಧವಾದ ಡಿಸ್ಪೋರ್ಟಿನ ಯೂನಿಟ್ಟೇ ಬೇರೆ. ಒಂದರ ಅಂಕಿಯನ್ನು ಇನ್ನೊಂದಕ್ಕೆ ಹಾಗೆಯೇ ಹಾಕಲು ಬರುವುದಿಲ್ಲ. ಊರು ಅಥವಾ ವೈದ್ಯರು ಬದಲಾದಾಗ ಈ ಚೀಟಿ ಬಹಳ ಮುಖ್ಯವಾಗುತ್ತದೆ.

ನಿಮ್ಮ ಅತ್ತೆಯವರ ಮಾತು ಸುಳ್ಳೇನಲ್ಲ, ಇದು ವಿಷದಿಂದಲೇ ತಯಾರಾದ ಔಷಧ. ಕೆಟ್ಟ ಮಾಂಸದ ಸಾಸೇಜು ತಿಂದು ಜನ ಸಾಯುತ್ತಿದ್ದುದನ್ನು 1820ರ ದಶಕದಲ್ಲಿ ಜರ್ಮನಿಯ ಯುಸ್ಟಿನಸ್ ಕೆರ್ನರ್ ಎಂಬ ವೈದ್ಯರು ವಿವರವಾಗಿ ದಾಖಲಿಸಿದರು, ಮತ್ತು ಇದೇ ವಿಷವನ್ನು ಮುಂದೆ ಔಷಧವಾಗಿ ಬಳಸಬಹುದೆಂದು ಅಂದೇ ಸೂಚಿಸಿದ್ದರು. ಇಲ್ಲಿ ಮುಖ್ಯವಾದುದು ಪ್ರಮಾಣ. ಹುಬ್ಬುಗಳ ನಡುವಿನ ಗೆರೆ ಹೋಗಿಸಲು ಚುಚ್ಚುವುದು 20 ಯೂನಿಟ್, ದೀರ್ಘಕಾಲದ ಮೈಗ್ರೇನಿಗೆ ಕೊಡುವುದು 155 ಯೂನಿಟ್. ನಿಮಗೆ ಕೊಟ್ಟಿದ್ದು ಎರಡೂ ಬದಿ ಸೇರಿ 4. ಇದನ್ನು ಅವರಿಗೆ ಬಿಡಿಸಿ ಹೇಳಿ, ಸ್ವಲ್ಪ ಸಮಾಧಾನವಾದೀತು.

ಮಾತಿನಮನೆ, ಬೆಳಗಾವಿ. ಜುಲೈ 17

ನಾನು ವಾಕ್ ಮತ್ತು ಶ್ರವಣ ತಜ್ಞೆ. ಮೇಲಿನ ವಕೀಲರು ಹೇಳಿದ್ದನ್ನು ಒಪ್ಪುತ್ತೇನೆ. ನೀರಿನ ವಿಷಯದಲ್ಲಿ ಮಾತ್ರ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ, ಏಕೆಂದರೆ ಮೇಡಂ ಅವರಿಗೆ ಈಗಲೇ ಬೇಕಾಗಿರುವುದು ಅದು.

ಧ್ವನಿತಂತುಗಳು ಮಾತಿಗಷ್ಟೇ ಇರುವುದಲ್ಲ. ನುಂಗುವ ಕ್ಷಣದಲ್ಲಿ ಬಿಗಿಯಾಗಿ ಮುಚ್ಚಿಕೊಂಡು ಶ್ವಾಸನಾಳದ ಬಾಗಿಲು ಕಾಯುವುದೂ ಅವುಗಳ ಕೆಲಸ. ನಿಮ್ಮ ಕಾಯಿಲೆಯಲ್ಲಿ ಮೆದುಳಿನಿಂದ ಬರುವ ತಪ್ಪು ಆದೇಶದಿಂದಾಗಿ ಮಾತನಾಡುವಾಗ ಅವು ಬೇಡದಷ್ಟು ಬಿಗಿಯಾಗುತ್ತವೆ. ಔಷಧವು ಮೆದುಳನ್ನು ಮುಟ್ಟುವುದಿಲ್ಲ. ನರ ಮತ್ತು ಸ್ನಾಯು ಸೇರುವ ಜಾಗದಲ್ಲಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹೊರಬೀಳದಂತೆ ತಡೆದು ಸ್ನಾಯುವನ್ನು ಸಡಿಲಗೊಳಿಸುತ್ತದೆ. ಮಾತಿಗೆ ಒಂದು ಸಡಿಲಿಕೆ, ನುಂಗುವುದಕ್ಕೆ ಇನ್ನೊಂದು ಎಂದು ಅದಕ್ಕೆ ಗೊತ್ತಿಲ್ಲವಲ್ಲ! ಬಾಗಿಲು ಪೂರ್ತಿ ಮುಚ್ಚದಿರುವಾಗ ರೊಟ್ಟಿಯ ತುತ್ತು ನಿಧಾನವಾಗಿ ಸರಿದು ಹೋಗುತ್ತದೆ, ತೆಳ್ಳಗಿನ ನೀರು ಮಾತ್ರ ಓಡಿಬಂದು ಸಂದಿಯೊಳಗೆ ನುಸುಳುತ್ತದೆ. ನಿಮ್ಮ ಕೆಮ್ಮು ಅದನ್ನು ಹೊರಹಾಕುತ್ತಿರುವುದು ಒಳ್ಳೆಯ ಲಕ್ಷಣವೇ.

ನೀರನ್ನು ತಂಬಿಗೆಯಿಂದ ಮೇಲೆತ್ತಿ ಗಟಗಟ ಸುರಿದುಕೊಳ್ಳುವ ನಮ್ಮ ಕಡೆಯ ರೂಢಿಯನ್ನು ಈ ಎರಡು ವಾರ ಪೂರ್ತಿಯಾಗಿ ಬಿಡಬೇಕು. ತಲೆ ಹಿಂದಕ್ಕೆ ಬಾಗಿದರೆ ಶ್ವಾಸನಾಳದ ದಾರಿ ಇನ್ನಷ್ಟು ತೆರೆದುಕೊಳ್ಳುತ್ತದೆ. ನೆಟ್ಟಗೆ ಕುಳಿತು, ಅಗಲ ಬಾಯಿಯ ಬಟ್ಟಲಿನಿಂದ ಒಂದು ಸಣ್ಣ ಗುಟುಕು ಬಾಯಿಗೆ ತೆಗೆದುಕೊಂಡು, ಗದ್ದವನ್ನು ಎದೆಯ ಕಡೆಗೆ ಬಾಗಿಸಿ, ಆಮೇಲೆ ನುಂಗಿ. ಕುಡಿಯುವಾಗ ಮಾತು ಬೇಡ, ಟಿವಿ ಬೇಡ. ತಿಳಿಸಾರು, ತಿಳಿಮಜ್ಜಿಗೆಗಿಂತ ಗಟ್ಟಿ ಅಂಬಲಿ, ಗಟ್ಟಿ ಮೊಸರು, ಜೋಳದ ನುಚ್ಚು ಸುಲಭವಾಗುತ್ತವೆ. ಶೇಂಗಾ ಹಿಂಡಿ, ಅಗಸಿ ಹಿಂಡಿಯಂತಹ ಒಣಪುಡಿಗಳನ್ನು ಮೊಸರಿನಲ್ಲಿ ಕಲಸದೆ ತಿನ್ನಬೇಡಿ. ಅವು ಉಸಿರಿನೊಂದಿಗೆ ಒಳಗೆ ಹೋಗಿಬಿಡುತ್ತವೆ. ಆದರೆ ಹೆದರಿ ನೀರು ಕುಡಿಯುವುದನ್ನೇ ಕಡಿಮೆ ಮಾಡಬೇಡಿ, ಒಣಗಿದ ಧ್ವನಿತಂತು ಇನ್ನಷ್ಟು ಕಷ್ಟ ಕೊಡುತ್ತದೆ.

ಶಾಲೆಯಲ್ಲಿ ಬಲವಂತವಾಗಿ ದನಿ ಎತ್ತಬೇಡಿ. ಸೊಂಟಕ್ಕೆ ಕಟ್ಟಿಕೊಳ್ಳುವ ಚಿಕ್ಕ ಸ್ಪೀಕರ್ ಮತ್ತು ಕಿವಿಗೆ ಸಿಕ್ಕಿಸುವ ಮೈಕು ಸಿಗುತ್ತವೆ. ಗಾಳಿದನಿಗೆ ಅದು ನಿಜವಾಗಿಯೂ ನೆರವಾಗುತ್ತದೆ.

ಔಷಧ ಹರಡುವ ಪ್ರಶ್ನೆ. ಬೊಟಾಕ್ಸ್, ಡಿಸ್ಪೋರ್ಟ್‌ನಂತಹ ಬೊಟುಲಿನಮ್ ಔಷಧಗಳ ಪ್ರಭಾವ ಚುಚ್ಚಿದ ಜಾಗದಿಂದ ಆಚೆಗೂ ಹರಡಬಹುದೆಂಬ ಎಚ್ಚರಿಕೆಯನ್ನು ಅವುಗಳ ಮಾಹಿತಿ ಪತ್ರದಲ್ಲಿ ದಪ್ಪ ಚೌಕಟ್ಟಿನೊಳಗೆ ಮುದ್ರಿಸಬೇಕೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2009ರಲ್ಲಿ ಆದೇಶಿಸಿತು. ಧ್ವನಿಪೆಟ್ಟಿಗೆಗೆ ಬಳಸುವ ಸಣ್ಣ ಪ್ರಮಾಣದಲ್ಲಿ ಇದು ತೀರ ಅಪರೂಪ, ಆದರೂ ಲಕ್ಷಣಗಳು ಗೊತ್ತಿರಬೇಕು. ಉಸಿರೆಳೆದುಕೊಳ್ಳುವಾಗ ಸೀಟಿಯಂತಹ ಸದ್ದು ಬಂದರೆ, ಏದುಸಿರು ಬಂದರೆ, ಎಂಜಲು ಸಹ ನುಂಗಲಾಗದಿದ್ದರೆ, ರೆಪ್ಪೆ ಜೋತುಬಿದ್ದರೆ, ಒಂದು ವಸ್ತು ಎರಡಾಗಿ ಕಂಡರೆ, ಕೈಕಾಲುಗಳಲ್ಲಿ ಬಲ ಕುಂದಿದರೆ ತಡಮಾಡದೆ ಹತ್ತಿರದ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಇಂಜೆಕ್ಷನ್ ಕೊಟ್ಟ ಊರಿಗೇ ಹೋಗಬೇಕೆಂದು ಕಾಯಬೇಡಿ. ಕೆಮ್ಮಿನ ಜೊತೆಗೆ ಜ್ವರ, ಎದೆನೋವು ಬಂದರೆ ನೀರು ಪುಪ್ಪುಸಕ್ಕೆ ಇಳಿದಿರಬಹುದು, ಅದಕ್ಕೂ ಅದೇ ದಿನ ಎದೆಯ ಪರೀಕ್ಷೆ ಆಗಬೇಕು. ಇನ್ನೊಂದು ಮಾತು: ಬೇರೆ ಯಾವ ಕಾಯಿಲೆಗೆ ಯಾವ ವೈದ್ಯರ ಬಳಿ ಹೋದರೂ ಈ ಇಂಜೆಕ್ಷನ್ ಆಗಿದೆಯೆಂದು ಮೊದಲೇ ಹೇಳಿ. ಜೆಂಟಾಮೈಸಿನ್, ಅಮಿಕಾಸಿನ್‌ನಂತಹ ಆಂಟಿಬಯೋಟಿಕ್‌ಗಳು ಇದರ ಪ್ರಭಾವವನ್ನು ಹೆಚ್ಚಿಸುತ್ತವೆ. ಮಯಾಸ್ತೇನಿಯಾ ಗ್ರೇವಿಸ್‌ನಂತಹ ಸ್ನಾಯು ದುರ್ಬಲತೆಯ ಕಾಯಿಲೆ ನಿಮಗಿದೆಯೇ ಎಂದು ಇಂಜೆಕ್ಷನ್ನಿಗೆ ಮೊದಲು ಕೇಳಿರಬೇಕು. ಕೇಳಿರದಿದ್ದರೆ ನೀವೇ ಹೇಳಿ.

ಗುಮ್ಮಟದೂರು, ವಿಜಯಪುರ. ಜುಲೈ 17

ಇಬ್ಬರಿಗೂ ಹೇಗೆ ಕೃತಜ್ಞತೆ ಹೇಳಬೇಕೋ ತಿಳಿಯದು. ಇವತ್ತು ಗದ್ದ ಬಾಗಿಸಿ ಕುಡಿದು ನೋಡಿದೆ. ಆರು ಗುಟುಕಿನಲ್ಲಿ ಒಂದೇ ಒಂದು ನೆತ್ತಿಗೇರಿತು. ಉಸಿರಾಟಕ್ಕೆ ಯಾವ ತೊಂದರೆಯೂ ಇಲ್ಲ. ಮತ್ತೆರಡು ಸಂದೇಹಗಳಿವೆ: ವರ್ಷಗಟ್ಟಲೆ ತೆಗೆದುಕೊಂಡರೆ ಇಂಜೆಕ್ಷನ್ ನಾಟದಂತಾಗುತ್ತದೆ ಎಂದು ಸಹೋದ್ಯೋಗಿಯೊಬ್ಬರು ಹೇಳುತ್ತಾರೆ, ಅದು ನಿಜವೇ? ಒಮ್ಮೆ ಶಸ್ತ್ರಚಿಕಿತ್ಸೆ ಮಾಡಿಸಿ ಮುಗಿಸಿಬಿಡುವುದು ಉತ್ತಮವಲ್ಲವೇ?

ಗುಳೇದಗುಡ್ಡದ ಖಣ, ಬಾಗಲಕೋಟೆ. ಜುಲೈ 18

ಈ ಚರ್ಚೆಯನ್ನು ಓದುವ ಎಲ್ಲರೂ ಗಮನಿಸಬೇಕಾದ ಒಂದು ವಿಷಯವಿದೆ, ಅದಕ್ಕಾಗಿ ಬರೆಯುತ್ತಿದ್ದೇನೆ. ನಮ್ಮ ತಾಯಿಗೆ ಇರುವುದು ಇದೇ ಕಾಯಿಲೆಯ ಇನ್ನೊಂದು ಬಗೆ, ಅಬ್ಡಕ್ಟರ್. ಅದರಲ್ಲಿ ಗಂಟಲು ಬಿಗಿಯುವುದಿಲ್ಲ, ಬದಲಿಗೆ ತೆರೆದುಕೊಂಡುಬಿಡುತ್ತದೆ. ಕ, ಪ, ತ, ಸ, ಹ ಬಂದ ಕಡೆಯೆಲ್ಲ ದನಿ ಗಾಳಿಯಲ್ಲಿ ಮುಳುಗುತ್ತದೆ. ಅವರು ಸೀರೆ ಅಂಗಡಿಯಲ್ಲಿ ಕುಳಿತು ‘ಕಸೂತಿ ಸೀರಿ’ ಎನ್ನಲು ಹೋದರೆ ಗಿರಾಕಿಗೆ ‘ಊ’, ‘ಈ’ ಮಾತ್ರ ಕೇಳಿಸುತ್ತಿತ್ತು.

ಈ ಬಗೆಯಲ್ಲಿ ಇಂಜೆಕ್ಷನ್ ಕೊಡುವುದು ಧ್ವನಿತಂತುಗಳನ್ನು ತೆರೆಯುವ ಹಿಂಭಾಗದ ಸ್ನಾಯುವಿಗೆ. ಉಸಿರಾಡಲು ಆ ಸ್ನಾಯುವೇ ಬೇಕು, ಆದ್ದರಿಂದ ಅಡ್ಡಪರಿಣಾಮವೂ ಬೇರೆ: ನೀರಿಗಿಂತ ಉಸಿರಿನ ಚಿಂತೆ ಹೆಚ್ಚು. ನಮ್ಮ ತಾಯಿಗೆ ಮೊದಲು ಎಡಬದಿಗೆ ಮಾತ್ರ ಕೊಟ್ಟು, ಎರಡು ವಾರ ಬಿಟ್ಟು ಕ್ಯಾಮೆರಾದಲ್ಲಿ ಪರೀಕ್ಷಿಸಿ, ಆಮೇಲೆಯೇ ಬಲಬದಿಗೆ ಇನ್ನೂ ಕಡಿಮೆ ಕೊಟ್ಟರು. ಎರಡನೆಯದಾದ ಮೇಲೆ ಒಂದು ವಾರ ಮಹಡಿಯ ಮೆಟ್ಟಿಲು ಹತ್ತುವಾಗ ನಡುವೆ ನಿಂತುಕೊಳ್ಳುತ್ತಿದ್ದರು, ನಿದ್ರೆಯಲ್ಲಿ ಉಸಿರಿನ ಸದ್ದು ಜೋರಾಗಿತ್ತು. ನಾನು ರಾತ್ರಿಯೆಲ್ಲ ಪಕ್ಕದಲ್ಲಿ ಎಚ್ಚರವಿದ್ದು ಆ ಸದ್ದನ್ನೇ ಕೇಳುತ್ತಿದ್ದೆ. ವೈದ್ಯರಿಗೆ ಫೋನಿನಲ್ಲಿ ಆ ಸದ್ದನ್ನೇ ಕೇಳಿಸಿದಾಗ ಮರುದಿನವೇ ಕರೆಸಿ ಪರೀಕ್ಷಿಸಿದರು. ಅದು ತಾನಾಗಿಯೇ ಇಳಿಯಿತು. ಆದರೆ ನಿಮ್ಮದು ಯಾವ ಬಗೆ ಎಂಬುದನ್ನು ತಿಳಿಯದೆ ಇನ್ನೊಬ್ಬರ ಅನುಭವವನ್ನು ನಿಮಗೆ ಅನ್ವಯಿಸಿಕೊಳ್ಳಬೇಡಿ. ‘ಎಲ್ಲರಿಗೂ ಆಗುತ್ತದೆ, ಬಿಡಿ’ ಎಂಬ ಸಮಾಧಾನ ಗಾಳಿದನಿಯ ಮಟ್ಟಿಗೆ ಸರಿ. ಉಸಿರಿನ ಮಟ್ಟಿಗೆ ಅದನ್ನು ಯಾರೂ ಯಾರಿಗೂ ಹೇಳಬಾರದು.

ಕರಿಕೋಟು, ಬೆಳಗಾವಿ. ಜುಲೈ 18

ತಂಗಿಯವರು ಬರೆದದ್ದು ಬಹಳ ಅಗತ್ಯವಾದ ಮಾತು.

ಶಿಕ್ಷಕಿ ಅಕ್ಕನವರ ಸಂದೇಹಕ್ಕೆ: ದೇಹವು ಔಷಧಕ್ಕೆ ವಿರುದ್ಧವಾಗಿ ಪ್ರತಿಕಾಯಗಳನ್ನು ಬೆಳೆಸಿಕೊಂಡು ಇಂಜೆಕ್ಷನ್ ನಾಟದಂತಾಗುವುದು ಉಂಟು, ಆದರೆ ಅದು ಹೆಚ್ಚಾಗಿ ದೊಡ್ಡ ಪ್ರಮಾಣವನ್ನು ಬೇಗಬೇಗನೆ ತೆಗೆದುಕೊಳ್ಳುವವರಲ್ಲಿ. ದನಿ ಬೇಗ ಸುಧಾರಿಸಲಿಲ್ಲವೆಂದು ಮೂರು ತಿಂಗಳೊಳಗೆ ಮತ್ತೆ ಚುಚ್ಚಿಸಿಕೊಳ್ಳಬೇಡಿ ಎಂದು ನಮ್ಮ ವೈದ್ಯರು ಹೇಳುವುದು ಇದಕ್ಕಾಗಿಯೇ. ಅಮೆರಿಕದ ವೈದ್ಯ ಆಂಡ್ರ್ಯೂ ಬ್ಲಿಟ್ಜರ್ ಅವರು 1984ರಲ್ಲಿ ಮೊದಲ ಬಾರಿಗೆ ಈ ಕಾಯಿಲೆಗೆ ಈ ಇಂಜೆಕ್ಷನ್ ಕೊಟ್ಟ ಮೇಲೆ ನಲವತ್ತು ವರ್ಷಗಳ ಅನುಭವ ಇದಕ್ಕಿದೆ. ಶಸ್ತ್ರಚಿಕಿತ್ಸೆಯೂ ಇದೆ. 1976ರಲ್ಲಿ ಹರ್ಬರ್ಟ್ ಡೆಡೊ ಎಂಬ ವೈದ್ಯರು ಧ್ವನಿಪೆಟ್ಟಿಗೆಯ ಒಂದು ಬದಿಯ ನರವನ್ನೇ ಕತ್ತರಿಸುವ ವಿಧಾನ ಪ್ರಕಟಿಸಿದರು. ಮೊದಮೊದಲು ಬಿಗಿತ ಹೋದರೂ ಹಲವರಲ್ಲಿ ಕೆಲವು ವರ್ಷಗಳಲ್ಲಿ ಮರಳಿತು. ಅನಂತರ ಬೇರೆ ವಿಧಾನಗಳೂ ಬಂದಿವೆ. ಇಂಜೆಕ್ಷನ್ನಿನ ಅಡ್ಡಪರಿಣಾಮ ಎಷ್ಟೇ ಕಾಡಿದರೂ ಹೊಸ ನರತುದಿಗಳು ಚಿಗುರಿ ತಾನೇ ತೀರುತ್ತದೆ. ಕತ್ತರಿಸಿದ್ದನ್ನು ಹಾಗೆ ಹಿಂದಕ್ಕೆ ಪಡೆಯಲಾಗದು. ನನ್ನ ಮಟ್ಟಿಗೆ ನಾನು ಇಂಜೆಕ್ಷನ್ನನ್ನೇ ಆರಿಸಿಕೊಂಡಿದ್ದೇನೆ.

ಶಾಲೆಯ ರಜೆಗೆ ಹೊಂದಿಸಿಕೊಂಡು ದಿನಾಂಕ ಕೇಳಿ. ನಾನು ನ್ಯಾಯಾಲಯದ ಬೇಸಿಗೆ ರಜೆಯ ಮೊದಲ ವಾರದಲ್ಲಿ ಒಂದು ಇಂಜೆಕ್ಷನ್ ತೆಗೆದುಕೊಂಡುಬಿಡುತ್ತೇನೆ. ಪಿಸುಮಾತಿನ ದಿನಗಳು ಮನೆಯಲ್ಲೇ ಕಳೆಯುತ್ತವೆ.

ಗುಮ್ಮಟದೂರು, ವಿಜಯಪುರ. ಆಗಸ್ಟ್ 3

ವರದಿ ಒಪ್ಪಿಸಲು ಬಂದಿದ್ದೇನೆ. ಇಂದಿಗೆ ಇಪ್ಪತ್ತೆರಡು ದಿನ.

ನೀರಿನ ತೊಂದರೆ ಹನ್ನೊಂದನೆಯ ದಿನಕ್ಕೆ ತೀರ ಕಡಿಮೆಯಾಗಿ ಹದಿನಾಲ್ಕನೆಯ ದಿನಕ್ಕೆ ಇಲ್ಲವಾಯಿತು. ಪಂಚಮಿಗೆ ಒಣಪುಡಿಯೆಂದು ಅಳ್ಳಿಟ್ಟನ್ನು ಮಾತ್ರ ಮುಟ್ಟಲಿಲ್ಲ, ಉಂಡಿ ತಿಂದೆ. ಶಾಲೆಗೆ ಸೊಂಟದ ಸ್ಪೀಕರ್ ಕಟ್ಟಿಕೊಂಡು ಹೋದ ಮೊದಲ ದಿನ ಮಕ್ಕಳು ‘ಅಕ್ಕೋರ, ಧ್ವನಿ ಯಾಕ ಬಿದ್ದೈತ್ರಿ’ ಎಂದು ಕೇಳಿದರು. ಗಂಟಲಿಗೆ ಔಷಧ ಹಾಕಿದ್ದಾರೆ, ಎರಡು ವಾರ ನೀವು ಗದ್ದಲ ಮಾಡಬಾರದು ಎಂದು ಹಲಗೆಯ ಮೇಲೆ ಬರೆದೆ. ಒಂಬತ್ತನೆಯ ತರಗತಿಯ ಆ ಮಕ್ಕಳು ಎರಡು ವಾರ ಪೂರ್ತಿ ಅದನ್ನು ಅಳಿಸಲಿಲ್ಲ, ಬೇರೆ ಶಿಕ್ಷಕರು ಬಂದಾಗಲೂ ಆ ಮೂಲೆಯನ್ನು ಬಿಟ್ಟು ಉಳಿದ ಹಲಗೆಯನ್ನಷ್ಟೇ ಒರೆಸುತ್ತಿದ್ದರು.

ಹದಿನೇಳನೆಯ ದಿನ ಬೆಳಿಗ್ಗೆ ದನಿಯೊಳಗಿನ ಗಾಳಿ ಕಡಿಮೆಯಾಗಿತ್ತು. ಮೊನ್ನೆ ಶುಕ್ರವಾರ ನಲವತ್ತೊಂದು ಹೆಸರುಗಳ ಹಾಜರಿಯನ್ನು ಸ್ಪೀಕರಿಲ್ಲದೆ, ಎಲ್ಲಿಯೂ ತುಂಡಾಗದೆ ಕರೆದೆ. ನಾಲ್ಕು ವರ್ಷಗಳಾಗಿದ್ದವು. ಮೂವತ್ತನೆಯ ಹೆಸರು ದಾಟಿದ ಮೇಲೆ ನನಗೇ ತಿಳಿಯದಂತೆ ವೇಗ ಕಡಿಮೆ ಮಾಡಿದ್ದೆ, ಅದು ಬೇಗ ಮುಗಿಯುವುದು ಬೇಡವಾಗಿತ್ತು.

ಕ್ಯಾಲೆಂಡರಿನ ಅಂಕಿಗಳನ್ನು ವೈದ್ಯರಿಗೆ ಕಳುಹಿಸಿದ್ದೇನೆ. ಮುಂದಿನ ಸಲ ತಲಾ 1.5 ಯೂನಿಟ್ ಕೊಟ್ಟು ನೋಡೋಣ ಎಂದಿದ್ದಾರೆ. ದಸರೆಯ ರಜೆಯಲ್ಲಿ, ಮೂರು ತಿಂಗಳು ತುಂಬಿದ ಮೇಲಿನ ಮೊದಲ ಶನಿವಾರಕ್ಕೆ ದಿನಾಂಕ ಕೇಳಿದ್ದೇನೆ. ಅತ್ತೆಯವರು ತಾವೂ ಜೊತೆಗೆ ಬರುವುದಾಗಿ ಹೇಳಿದ್ದಾರೆ. ಆ ಸೂಜಿಯ ಸದ್ದು ಹೇಗಿರುತ್ತದೆ ಎಂದು ವೈದ್ಯರನ್ನೇ ಕೇಳಬೇಕಂತೆ.